ಇಂಧನ ಸಂಶೋಧನಾ ಲ್ಯಾಬ್‌ಗಳ ಸರ್ಕಾರಿ ಆರ್ಡರ್: ಕಲಬುರಗಿ, ಬೀದರ್, ಯಾದಗಿರಿ ವರ್ಕ್‌ಶಾಪ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಪನೂರು, ಹುಮನಾಬಾದ್, ಕಡೇಚೂರು ಇಂಡಸ್ಟ್ರಿಯಲ್ ಏರಿಯಾಗಳಲ್ಲಿ ಸಿಮೆಂಟ್ ಫ್ಯಾಕ್ಟರಿ, ದಾಲ್ ಮಿಲ್, ಸಕ್ಕರೆ ಕಾರ್ಖಾನೆಗಳ ಕೆಲಸ ಮಾಡಿಕೊಂಡಿರುವ ಸಣ್ಣ ವರ್ಕ್‌ಶಾಪ್‌ನವರಿಗಾಗಿ ಇದನ್ನು ಬರೆದಿದ್ದೇನೆ. ಲೇತ್ ಇದೆ, ಆರ್ಗಾನ್ ವೆಲ್ಡಿಂಗ್ ಬರುತ್ತದೆ, ಪ್ಯಾನೆಲ್ ಬೋರ್ಡ್ ಮಾಡಲು ಬರುತ್ತದೆ, ಆದರೆ ಕೇಂದ್ರ ಸರ್ಕಾರದ ಲ್ಯಾಬ್ ಅಂದಕೂಡಲೇ "ಅದು ದೊಡ್ಡವರ ಕೆಲಸ" ಅಂತ ಕೈಬಿಡುವವರು ಬಹಳ ಜನ. ದೊಡ್ಡವರ ಕೆಲಸ ಇದೆ, ನಿಜ. ನಮ್ಮಂಥವರ ಕೆಲಸವೂ ಅಷ್ಟೇ ಇದೆ. ನಮ್ಮ ಕಡೆಯವರು ಸೋಲುವುದು ಹೆಚ್ಚಾಗಿ ರೇಟಿನಲ್ಲಿ ಅಲ್ಲ, ಕಾಗದದಲ್ಲಿ. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಅದರದ್ದೇ ಮಾತು.

ಇಂಧನ ಸಂಶೋಧನಾ ಲ್ಯಾಬ್ ಅಂದ್ರೆ ಯಾವುವು? ನಮ್ಮ ಮೂರು ಜಿಲ್ಲೆಯಲ್ಲಿ ಒಂದೂ ಇಲ್ವಲ್ಲರೀ?

ಇಲ್ಲ. ಆದರೆ ಹತ್ತಿರದಲ್ಲೇ ಇವೆ. ನಮ್ಮ ಜನ ಸರ್ಕಾರಿ ಕೆಲಸ ಅಂದರೆ ಬೆಂಗಳೂರಿನ ಕಡೆ ನೋಡುತ್ತಾರೆ. ಈ ವಿಷಯದಲ್ಲಿ ಮೊದಲು ನೋಡಬೇಕಾದ್ದು ಹೈದರಾಬಾದ್.

ಬೆಂಗಳೂರಿನಲ್ಲಿ ಸಿಪಿಆರ್‌ಐ ಇದೆ, ಅಂದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ. 1960ರಲ್ಲಿ ಶುರುವಾದದ್ದು, ಕೇಂದ್ರದ ವಿದ್ಯುತ್ ಸಚಿವಾಲಯದ ಕೆಳಗೆ ಬರುತ್ತದೆ. ಅದರದ್ದೇ ಅತ್ಯುಚ್ಚ ವೋಲ್ಟೇಜ್ ಪ್ರಯೋಗಾಲಯ ಹೈದರಾಬಾದಿನ ಉಪ್ಪಲ್‌ನಲ್ಲಿದೆ. ಅದೇ ಹೈದರಾಬಾದಿನಲ್ಲಿ ಎಆರ್‌ಸಿಐ ಇದೆ. ಪೌಡರ್ ಮೆಟಲರ್ಜಿ, ಕೋಟಿಂಗ್, ಬ್ಯಾಟರಿ ವಸ್ತುಗಳ ಸಂಶೋಧನೆ ಅಲ್ಲಿ ನಡೆಯುತ್ತದೆ. ಅಣುಶಕ್ತಿ ಇಲಾಖೆಯ ಎನ್‌ಎಫ್‌ಸಿ, ಇಸಿಐಎಲ್, ಎಎಮ್‌ಡಿ ಮೂರೂ ಹೈದರಾಬಾದಿನಲ್ಲೇ ಇವೆ. ಇವು ಪೂರ್ತಿ ಲ್ಯಾಬ್‌ಗಳಲ್ಲ, ಎನ್‌ಎಫ್‌ಸಿ ಅಣು ಇಂಧನ ತಯಾರಿಸುತ್ತದೆ, ಇಸಿಐಎಲ್ ಎಲೆಕ್ಟ್ರಾನಿಕ್ಸ್, ಎಎಮ್‌ಡಿ ಖನಿಜ ಹುಡುಕುತ್ತದೆ. ಆದರೆ ಖರೀದಿಯ ರೀತಿ ಒಂದೇ.

ಇನ್ನು ದೂರದವು: ಮುಂಬೈಯ ಬಾರ್ಕ್, ಕಲ್ಪಾಕ್ಕಂನ ಐಜಿಕಾರ್ (ಎರಡೂ ಅಣುಶಕ್ತಿ ಸಂಶೋಧನಾ ಕೇಂದ್ರಗಳು), ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ, ಕಾರೈಕುಡಿಯ ಸಿಎಸ್‌ಐಆರ್-ಸೆಕ್ರಿ (ವಿದ್ಯುತ್-ರಸಾಯನ ಸಂಶೋಧನಾ ಸಂಸ್ಥೆ), ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ, ಚೆನ್ನೈಯ ರಾಷ್ಟ್ರೀಯ ಪವನಶಕ್ತಿ ಸಂಸ್ಥೆ. ಮುಂಬೈ ಮತ್ತು ಚೆನ್ನೈ ನಮಗೆ ಅಂಥ ದೂರವೇನಲ್ಲ. ಕಲಬುರಗಿ ಇರುವುದೇ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲೆ. ಬೀದರಿನವರಿಗಂತೂ ಹೈದರಾಬಾದ್ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದಾರಿ. ಟೆಂಡರ್‌ಗೆ ಮುಂಚಿನ ಮೀಟಿಂಗ್, ಇನ್‌ಸ್ಪೆಕ್ಷನ್, ಬಿಲ್ ಪಾಸ್ ಮಾಡಿಸುವುದು, ಇವಕ್ಕೆಲ್ಲ ಓಡಾಟ ಇರುತ್ತದೆ. ಹತ್ತಿರ ಇರುವುದರ ಬೆಲೆ ಆಗ ಗೊತ್ತಾಗುತ್ತದೆ.

ಅಷ್ಟು ದೊಡ್ಡ ಲ್ಯಾಬ್‌ಗೆ ನಮ್ಮಿಂದ ಏನು ಬೇಕಾಗುತ್ತೆ?

ರಿಯಾಕ್ಟರ್ ಯಾರೂ ನಿಮ್ಮನ್ನು ಕೇಳುವುದಿಲ್ಲ. ಕೇಳುವುದು ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್, ಟೆಸ್ಟ್ ಸ್ಟ್ಯಾಂಡ್, ಪೈಪಿಂಗ್, ಫ್ಲ್ಯಾಂಜ್, ಕೇಬಲ್ ಟ್ರೇ, ಕಂಟ್ರೋಲ್ ಪ್ಯಾನೆಲ್, ಸೋಲಾರ್ ಪ್ಯಾನೆಲ್ ಕೂರಿಸುವ ಸ್ಟ್ರಕ್ಚರ್, ಡ್ರಾಯಿಂಗ್ ಪ್ರಕಾರ ಮಷಿನಿಂಗ್ ಮಾಡಿದ ಬಿಡಿಭಾಗ. ಜೊತೆಗೆ ಎಸಿ, ಜನರೇಟರ್, ಲಿಫ್ಟ್‌ಗಳ ವಾರ್ಷಿಕ ನಿರ್ವಹಣೆ, ವಾಹನ ಬಾಡಿಗೆ, ಹೌಸ್‌ಕೀಪಿಂಗ್.

ಸಂಶೋಧನೆಯಲ್ಲಿ ಒಂದು ವಿಶೇಷ ಇದೆ. ಅಲ್ಲಿ ಸಾವಿರ ಪೀಸ್ ಬೇಕಾಗುವುದಿಲ್ಲ. ಎರಡು ಬೇಕು, ಮೂರು ಬೇಕು, ಕೆಲವೊಮ್ಮೆ ಒಂದೇ ಒಂದು. ದೊಡ್ಡ ಕಂಪನಿಗೆ ಇಂಥ ಆರ್ಡರ್ ತಲೆನೋವು, ಹಾಗಾಗಿ ಅವರು ಬರುವುದಿಲ್ಲ. ಸಿಮೆಂಟ್ ಫ್ಯಾಕ್ಟರಿ ಶಟ್‌ಡೌನ್ ಟೈಮಲ್ಲಿ ಒಂದೇ ಒಂದು ಶಾಫ್ಟ್ ರಾತ್ರೋರಾತ್ರಿ ಮಾಡಿಕೊಟ್ಟು ರೂಢಿ ಇರುವ ನಮ್ಮ ಕಡೆಯ ಟರ್ನರ್‌ಗಳಿಗೆ ಇದು ಹೊಸದಲ್ಲ.

ಜೆಸ್ಕಾಂನಲ್ಲಿ ಕಾಂಟ್ರ್ಯಾಕ್ಟರ್ ಆಗಿದ್ದೇನೆ. ಅದೇ ಸಾಕಾ?

ಸಾಲದು. ಜೆಸ್ಕಾಂ ನಮ್ಮ ಭಾಗಕ್ಕೆ ಕರೆಂಟ್ ಹಂಚುವ ರಾಜ್ಯದ ಕಂಪನಿ. ಅಲ್ಲಿ ರಾಜ್ಯದ ಪಾರದರ್ಶಕತೆ ಕಾಯ್ದೆ, ರಾಜ್ಯದ ಪೋರ್ಟಲ್. ಕೇಂದ್ರದ ಲ್ಯಾಬ್‌ಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಎರಡೂ ಬೇರೆ ಬೇರೆ ದಾರಿ. ಆದರೆ ಜೆಸ್ಕಾಂ ಕೆಲಸದ ವರ್ಕ್ ಆರ್ಡರ್ ಮತ್ತು ಕೆಲಸ ಮುಗಿದ ಸರ್ಟಿಫಿಕೇಟ್ ಇಟ್ಟುಕೊಂಡಿದ್ದರೆ ಅನುಭವ ತೋರಿಸಲು ಬಹಳ ಉಪಯೋಗ. ಎಸೆಯಬೇಡಿ.

ಮೊದಲು ಯಾವ ಕಾಗದ ಮಾಡಿಸಬೇಕು?

ಪ್ಯಾನ್, ಜಿಎಸ್‌ಟಿ, ಕರೆಂಟ್ ಅಕೌಂಟ್ ನಿಮ್ಮಲ್ಲಿ ಇದ್ದೇ ಇರುತ್ತವೆ. ಆಮೇಲೆ ಉದ್ಯಮ್ ನೋಂದಣಿ, ಅಂದರೆ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಅಂತ ಕೇಂದ್ರ ಸರ್ಕಾರದಲ್ಲಿ ಹೆಸರು ದಾಖಲಿಸುವುದು. ಇದು ಪೂರ್ತಿ ಉಚಿತ. ಸರ್ಕಾರಿ ವೆಬ್‌ಸೈಟ್‌ನಲ್ಲಿ ಆಧಾರ್ ಹಾಕಿದರೆ ಆಗಿಹೋಯಿತು. "ಉದ್ಯಮ್ ಫೀಸು ಕಟ್ಟಿ" ಅಂತ ಫೋನ್ ಬಂದರೆ ಇಟ್ಟುಬಿಡಿ.

ಇಲ್ಲೊಂದು ಸೂಕ್ಷ್ಮ. ಸೈಬರ್ ಸೆಂಟರ್‌ನ ಹುಡುಗ ಅವಸರದಲ್ಲಿ ನಿಮ್ಮ ಚಟುವಟಿಕೆಯನ್ನು "ವ್ಯಾಪಾರ" ಅಂತ ಹಾಕಿಬಿಟ್ಟರೆ ಮುಂದೆ ಕೈ ಸುಡುತ್ತದೆ. ವ್ಯಾಪಾರಿಗಳಿಗೆ ಸರ್ಕಾರಿ ಖರೀದಿಯಲ್ಲಿ ಸಣ್ಣ ಉದ್ದಿಮೆಯ ಸವಲತ್ತು ಸಿಗುವುದಿಲ್ಲ. ನಿಮ್ಮದು ಉತ್ಪಾದನೆ. ಸರ್ಟಿಫಿಕೇಟ್‌ನಲ್ಲಿ ಹಾಗೇ ಇದೆಯಾ ಅಂತ ಇವತ್ತೇ ತೆಗೆದು ನೋಡಿ. ತಪ್ಪಿದ್ದರೆ ಅದೇ ಪೋರ್ಟಲ್‌ನಲ್ಲಿ ತಿದ್ದಬಹುದು.

2025ರ ಏಪ್ರಿಲ್ 1ರಿಂದ ಮಿತಿಯೂ ಹೆಚ್ಚಿದೆ. ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿವರೆಗೆ ಸೂಕ್ಷ್ಮ ಉದ್ದಿಮೆ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿವರೆಗೆ ಸಣ್ಣ ಉದ್ದಿಮೆ. ನಮ್ಮ ಕಡೆಯ ಬಹುತೇಕ ವರ್ಕ್‌ಶಾಪ್‌ಗಳು ಮೊದಲನೆಯದರಲ್ಲೇ ಬರುತ್ತವೆ.

ಇದಾದ ಮೇಲೆ ಜೆಮ್ ಪೋರ್ಟಲ್‌ನಲ್ಲಿ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ) ಮಾರಾಟಗಾರರಾಗಿ ನೋಂದಣಿ, ಕ್ಲಾಸ್ 3 ಡಿಜಿಟಲ್ ಸಹಿ, ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ. ಏನೂ ತಿಳಿಯದಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಿ. ಕೇಳುವುದಕ್ಕೆ ದುಡ್ಡಿಲ್ಲ.

ಉದ್ಯಮ್ ಇದ್ದರೆ ನಿಜವಾಗಿಯೂ ಏನು ಲಾಭ?

ಜಾಸ್ತಿನೇ ಇದೆ. 2012ರ ಸಾರ್ವಜನಿಕ ಖರೀದಿ ನೀತಿ ಪ್ರಕಾರ ಕೇಂದ್ರದ ಇಲಾಖೆಗಳು ವರ್ಷದ ಖರೀದಿಯಲ್ಲಿ ಕನಿಷ್ಠ 25% ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದಲೇ ಮಾಡಬೇಕು. ಅದರೊಳಗೆ 4% ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ, 3% ಮಹಿಳಾ ಉದ್ದಿಮೆಗಳಿಗೆ. 358 ವಸ್ತುಗಳನ್ನು ಇವರಿಂದ ಮಾತ್ರ ಕೊಳ್ಳಬೇಕು ಅಂತ ಪಟ್ಟಿ ಇದೆ. ಟೆಂಡರ್ ಫಾರ್ಮ್‌ಗೆ ದುಡ್ಡಿಲ್ಲ. ಇಎಮ್‌ಡಿ, ಅಂದರೆ ಬಿಡ್ ಜೊತೆ ಇಡುವ ಠೇವಣಿ, ಕಟ್ಟಬೇಕಾಗಿಲ್ಲ. ಸಾಮಾನ್ಯವಾಗಿ ಇಎಮ್‌ಡಿ ಅಂದರೆ ಅಂದಾಜು ಮೊತ್ತದ 2ರಿಂದ 5%. ಸಣ್ಣವರಿಗೆ ಅದು ಸಣ್ಣ ದುಡ್ಡಲ್ಲ.

ಇನ್ನೊಂದು ದೊಡ್ಡ ಸವಲತ್ತನ್ನು ಬಹಳ ಜನ ಓದುವುದೇ ಇಲ್ಲ. ಒಂದು ದೊಡ್ಡ ಕಂಪನಿ 10 ಲಕ್ಷಕ್ಕೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನವರು, ಆಯಿತು ಅಂದುಕೊಳ್ಳಿ. ನಿಮ್ಮ ರೇಟು 11.40 ಲಕ್ಷ. ನೀವು ಸೋತಿಲ್ಲ. ಎಲ್-1ರ ಮೇಲೆ 15% ಒಳಗೆ, ಅಂದರೆ 11.50 ಲಕ್ಷದೊಳಗೆ ಇದ್ದರೆ "10 ಲಕ್ಷಕ್ಕೆ ಒಪ್ಪುತ್ತೀರಾ?" ಅಂತ ನಿಮ್ಮನ್ನು ಕೇಳಬೇಕು. ಒಪ್ಪಿದರೆ ಕನಿಷ್ಠ 25% ಪ್ರಮಾಣ ನಿಮಗೆ. ಭಾಗ ಮಾಡಲಾಗದ ವಸ್ತುವಾದರೆ ಪೂರ್ತಿ ಆರ್ಡರ್ ಕೂಡ ಸಿಗಬಹುದು. ಎಲ್-1 ಆದವರೂ ಸಣ್ಣ ಉದ್ದಿಮೆಯೇ ಆಗಿದ್ದರೆ ಇದು ಇಲ್ಲ.

ಗಮನಿಸಿ: ಇದೆಲ್ಲ ಸರಕು ಮತ್ತು ಸೇವೆಗೆ. ಕಟ್ಟಡ ಕಟ್ಟುವಂಥ ಕಾಮಗಾರಿಗೆ ಈ ನೀತಿ ಬರುವುದಿಲ್ಲ. ಆರ್ಡರ್ ಸಿಕ್ಕ ಮೇಲೆ ಕಟ್ಟಬೇಕಾದ ಪರ್ಫಾರ್ಮೆನ್ಸ್ ಸೆಕ್ಯೂರಿಟಿಗೂ ವಿನಾಯಿತಿ ಇಲ್ಲ. ಅದಕ್ಕೆ ಬ್ಯಾಂಕ್ ಗ್ಯಾರಂಟಿಯೇ ಬೇಕು ಅಂತೇನಿಲ್ಲ, ಎಫ್‌ಡಿ ರಸೀದಿಯೂ ನಡೆಯುತ್ತದೆ.

ನಾವು 371(ಜೆ) ಭಾಗದವರು. ಟೆಂಡರ್‌ನಲ್ಲಿ ಮೀಸಲಾತಿ ಇದೆಯಾ?

ಇಲ್ಲ. ಸಂವಿಧಾನದ 371(ಜೆ) ವಿಧಿ ಇರುವುದು ಉದ್ಯೋಗ, ಶಿಕ್ಷಣ ಮತ್ತು ಈ ಭಾಗದ ಅಭಿವೃದ್ಧಿ ಅನುದಾನಕ್ಕೆ. ಕೇಂದ್ರದ ಲ್ಯಾಬ್ ಟೆಂಡರ್‌ನಲ್ಲಿ ಕಲಬುರಗಿಯವರೂ ಒಂದೇ, ಪುಣೆಯವರೂ ಒಂದೇ.

ಟೆಂಡರ್ ಎಲ್ಲಿ ಹುಡುಕಬೇಕು?

ಮುಖ್ಯವಾಗಿ ಜೆಮ್‌ನಲ್ಲಿ, ಮತ್ತೆ ಕೇಂದ್ರದ ಇ-ಖರೀದಿ ಪೋರ್ಟಲ್‌ನಲ್ಲಿ. ಲ್ಯಾಬ್‌ಗಳ ಸ್ವಂತ ವೆಬ್‌ಸೈಟ್‌ನಲ್ಲೂ ಟೆಂಡರ್ ಪುಟ ಇರುತ್ತದೆ. ಬಾರ್ಕ್ ಮತ್ತು ಅಣುಶಕ್ತಿ ಇಲಾಖೆಯ ಇತರ ಘಟಕಗಳಿಗೆ ಮುಂಬೈಯ ಖರೀದಿ ಮತ್ತು ಸಂಗ್ರಹ ನಿರ್ದೇಶನಾಲಯ ಖರೀದಿ ಮಾಡುತ್ತದೆ.

ಹುಡುಕುವಾಗ "ಎನರ್ಜಿ" ಅಂತ ಟೈಪ್ ಮಾಡಿದರೆ ಏನೂ ಸಿಗದು. ನಿಮ್ಮ ವಸ್ತುವಿನ ಹೆಸರು ಹಾಕಿ. ಟ್ಯಾಂಕ್, ಫ್ಲ್ಯಾಂಜ್, ಫ್ಯಾಬ್ರಿಕೇಷನ್, ಮಷಿನಿಂಗ್. ಆಮೇಲೆ ಸಂಸ್ಥೆಯ ಹೆಸರಿನಿಂದ ಸೋಸಿ. ಟೆಂಡರ್ ಸಿಕ್ಕ ಮೇಲೂ ಆಗಾಗ ತೆರೆದು ನೋಡುತ್ತಿರಿ. ತಿದ್ದುಪಡಿ ಬರುತ್ತದೆ, ಡ್ರಾಯಿಂಗ್ ಬದಲಾಗುತ್ತದೆ, ಕೊನೆಯ ದಿನಾಂಕ ಮುಂದೆ ಹೋಗುತ್ತದೆ.

ಟೆಂಡರ್ ಇಲ್ಲದ ಸಣ್ಣ ಖರೀದಿ ಇರುತ್ತಾ?

ಇರುತ್ತದೆ, ಹೊಸಬರಿಗೆ ಅದೇ ಒಳ್ಳೆಯ ಬಾಗಿಲು. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಇಲಾಖೆಗಳ ಸಂಶೋಧನಾ ಸಂಸ್ಥೆಗಳಿಗೆ ಮಿತಿ ಏರಿಸಿತು. ಕೊಟೇಶನ್ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಹೋಯಿತು. ಖರೀದಿ ಸಮಿತಿ ಮೂಲಕ ಕೊಳ್ಳುವುದು 10 ಲಕ್ಷದಿಂದ 25 ಲಕ್ಷಕ್ಕೆ. ಆಯ್ದ ಕೆಲವರನ್ನಷ್ಟೇ ಕರೆಯುವ ಸೀಮಿತ ಟೆಂಡರ್ 50 ಲಕ್ಷದಿಂದ 1 ಕೋಟಿಗೆ. ವೈಜ್ಞಾನಿಕ ಉಪಕರಣ ಮತ್ತು ಲ್ಯಾಬ್ ಬಳಕೆಯ ವಸ್ತುಗಳನ್ನು ಜೆಮ್ ಹೊರಗೆ ಕೊಳ್ಳಲು ನಿರ್ದೇಶಕರೇ ಒಪ್ಪಿಗೆ ಕೊಡಬಹುದು.

ನಿಮಗೆ ಇದರ ಅರ್ಥ ಇಷ್ಟು: ಒಬ್ಬ ವಿಜ್ಞಾನಿಗೆ ತುರ್ತಾಗಿ ಒಂದು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಚೇಂಬರ್ ಬೇಕಾದರೆ ನಿಮ್ಮ ಹೆಸರು ಅವರಿಗೆ ಗೊತ್ತಿರಬೇಕು. ಎರಡು ಪುಟದ ಪರಿಚಯ ಪತ್ರ ಮಾಡಿ. ಯಾವ ಮಷಿನ್ ಇದೆ, ಎಷ್ಟು ಉದ್ದದ ಲೇತ್, ಯಾವ ವೆಲ್ಡಿಂಗ್, ಎಷ್ಟು ಟನ್ ಎತ್ತುವ ಕ್ರೇನ್, ನೀವೇ ಮಾಡಿದ ನಾಲ್ಕು ಕೆಲಸದ ಫೋಟೋ. "ಗುಣಮಟ್ಟವೇ ನಮ್ಮ ಧ್ಯೇಯ" ಅನ್ನೋದೆಲ್ಲ ಬೇಡ. ಲೇತ್ ಬೆಡ್ ಎಷ್ಟು ಉದ್ದ ಅನ್ನುವುದು ಅವರಿಗೆ ಬೇಕು.

ಮೊದಲ ಆರ್ಡರ್‌ಗೇ ಅನುಭವ ಕೇಳ್ತಾರೆ. ಅನುಭವ ಎಲ್ಲಿಂದ ತರೋದು?

ಸೂಕ್ಷ್ಮ, ಸಣ್ಣ ಉದ್ದಿಮೆ ಮತ್ತು ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಹಿಂದಿನ ಅನುಭವ, ವಹಿವಾಟಿನ ಷರತ್ತು ಸಡಿಲಿಸಬಹುದು ಅಂತ ನಿಯಮ ಇದೆ. ಸಡಿಲಿಸಲೇಬೇಕು ಅಂತಿಲ್ಲ, ಅದು ಕೊಳ್ಳುವವರಿಗೆ ಬಿಟ್ಟದ್ದು. ಜೆಮ್ ಬಿಡ್‌ನ ಮೊದಲ ಪುಟದಲ್ಲೇ ವಿನಾಯಿತಿ ಇದೆಯಾ ಇಲ್ಲವಾ ಅಂತ ಬರೆದಿರುತ್ತದೆ. "ಇಲ್ಲ" ಅಂತಿದ್ದರೆ ಸುಮ್ನೆ ಟೈಮ್ ಹಾಳು ಮಾಡಿಕೊಳ್ಳಬೇಡಿ, ಮುಂದಿನದು ನೋಡಿ.

ಇನ್ನೊಂದು ದಾರಿ, ಹೈದರಾಬಾದಿನಲ್ಲಿ ಈಗಾಗಲೇ ಲ್ಯಾಬ್‌ಗಳಿಗೆ ಕೆಲಸ ಮಾಡುವವರಿಂದ ಜಾಬ್ ವರ್ಕ್ ತೆಗೆದುಕೊಳ್ಳುವುದು. ಲಾಭ ಕಡಿಮೆ. ಆದರೆ ಡ್ರಾಯಿಂಗ್ ಓದುವ, ಇನ್‌ಸ್ಪೆಕ್ಷನ್ ಎದುರಿಸುವ ಅಭ್ಯಾಸ ಆಗುತ್ತದೆ. ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಟೆಕ್ನಿಕಲ್ ಬಿಡ್‌ನಲ್ಲೇ ನಮ್ಮನ್ನು ಯಾಕೆ ಹೊರಗೆ ಹಾಕ್ತಾರೆ?

ಸಾಮಾನ್ಯವಾಗಿ ಎರಡು ಲಕೋಟೆ ಪದ್ಧತಿ. ಮೊದಲು ತಾಂತ್ರಿಕ ಬಿಡ್ ತೆರೆಯುತ್ತಾರೆ, ಅದರಲ್ಲಿ ಪಾಸಾದವರ ಬೆಲೆ ಮಾತ್ರ ತೆರೆಯುತ್ತಾರೆ. ಇಲ್ಲಿ ಬೀಳುವವರು ಬೀಳುವುದು ಹೆಚ್ಚಾಗಿ ಕೆಲಸ ಬಾರದೆ ಅಲ್ಲ. ಸ್ಪೆಸಿಫಿಕೇಷನ್‌ನಲ್ಲಿ ನಲವತ್ತು ಅಂಶ ಇದ್ದರೆ "ಎಲ್ಲದಕ್ಕೂ ಒಪ್ಪಿದೆ" ಅಂತ ಒಂದೇ ಸಾಲು ಬರೆದು ಸೀಲ್ ಹೊಡೆಯುತ್ತಾರೆ. ಸಮಿತಿಗೆ ಅದು ಸಾಲದು. ಪ್ರತಿ ಅಂಶದ ಎದುರು ನೀವೇನು ಕೊಡುತ್ತೀರಿ, ಅದರ ಸಾಕ್ಷಿ ಯಾವ ಪುಟದಲ್ಲಿದೆ ಅಂತ ಬರೆಯಬೇಕು. ಗ್ರೇಡ್ 304ಎಲ್ ಕೇಳಿದ್ದರೆ ಅಲ್ಲಿ 304ಎಲ್ ಅಂತಲೇ ಇರಬೇಕು, ಬರೀ "ಎಸ್‌ಎಸ್" ಅಲ್ಲ. ಅಳತೆ ಬದಲಿಸಬೇಕು ಅನಿಸಿದರೆ ಬಿಡ್ ಹಾಕುವ ಮೊದಲೇ ಪ್ರಶ್ನೆ ಕೇಳಿ, ಬಿಡ್‌ನೊಳಗೆ ನಿಮ್ಮದೇ ಷರತ್ತು ಸೇರಿಸಬೇಡಿ.

ಇನ್ನೊಂದು ಪ್ರಾಣ ತೆಗೆಯುವ ತಪ್ಪು: ತಾಂತ್ರಿಕ ಬಿಡ್ ಫೈಲಿನೊಳಗೆ ಬೆಲೆ ಇರುವ ಕೊಟೇಶನ್ ಸೇರಿಸಿಬಿಡುವುದು. ಅಲ್ಲಿಗೆ ಮುಗೀತು. ಅಪ್‌ಲೋಡ್ ಮಾಡುವ ಮುಂಚೆ ಮನೆಯವರಾಗಲಿ, ಮಗಳಾಗಲಿ, ಬೇರೆ ಒಬ್ಬರ ಕೈಲಿ ಪ್ರತಿ ಪುಟ ನೋಡಿಸಿ.

ಇನ್‌ಸ್ಪೆಕ್ಷನ್‌ನಲ್ಲಿ ಏನು ನೋಡ್ತಾರೆ? ಮಾಲು ಚೆನ್ನಾಗಿದ್ರೆ ಸಾಕಲ್ವಾ?

ಸಾಲದು. ಮಾಲು ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗಬೇಕು. ಸ್ಟೀಲ್ ಪ್ಲೇಟ್ ಕೊಳ್ಳುವಾಗ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಬರುತ್ತದೆ. ಅದರಲ್ಲಿ ಒಂದು ಹೀಟ್ ನಂಬರ್ (ಆ ಸ್ಟೀಲ್ ಕರಗಿಸಿದ ಬ್ಯಾಚಿನ ಗುರುತು) ಇರುತ್ತದೆ, ಅದೇ ನಂಬರ್ ಪ್ಲೇಟಿನ ಮೂಲೆಯಲ್ಲೂ ಬರೆದಿರುತ್ತದೆ. ನೀವು ಪ್ಲೇಟ್ ಕತ್ತರಿಸಿದಾಗ ಆ ಮೂಲೆ ಒಂದು ತುಂಡಿನ ಜೊತೆ ಹೋಯಿತು. ಉಳಿದ ತುಂಡುಗಳು ಯಾವ ಪ್ಲೇಟಿನವು? ನಿಮಗೆ ಗೊತ್ತು, ಇನ್‌ಸ್ಪೆಕ್ಟರ್‌ಗೆ ಗೊತ್ತಿಲ್ಲ. ಅದಕ್ಕೇ ಕತ್ತರಿಸುವ ಮೊದಲೇ ಪ್ರತಿ ತುಂಡಿನ ಮೇಲೂ ಆ ನಂಬರನ್ನು ಪಂಚ್ ಹೊಡೆದು ದಾಟಿಸಬೇಕು. ಕೆಲವು ಆರ್ಡರ್‌ಗಳಲ್ಲಿ ಇದನ್ನು ಇನ್‌ಸ್ಪೆಕ್ಟರ್ ಎದುರಲ್ಲೇ ಮಾಡಬೇಕು ಅಂತ ಬರೆದಿರುತ್ತದೆ, ಅವರು ಬರುವ ತನಕ ಕಟಿಂಗ್ ಮುಟ್ಟಬೇಡಿ.

ನಮ್ಮ ವರ್ಕ್‌ಶಾಪ್‌ಗಳಲ್ಲಿ ಇನ್ನೊಂದು ರೂಢಿ ಇದೆ. ಎಂಎಸ್ (ಮೈಲ್ಡ್ ಸ್ಟೀಲ್) ಉಜ್ಜಿದ ಗ್ರೈಂಡಿಂಗ್ ವೀಲ್‌ನಲ್ಲೇ ಎಸ್‌ಎಸ್ ಉಜ್ಜುವುದು, ಅದೇ ತಂತಿ ಬ್ರಷ್ ಹಾಕುವುದು. ಕಬ್ಬಿಣದ ಕಣ ಸ್ಟೇನ್‌ಲೆಸ್ ಮೇಲೆ ಕೂತು ಸ್ವಲ್ಪ ದಿನಕ್ಕೆ ಕಂದು ಚುಕ್ಕೆ ಏಳುತ್ತದೆ. ಡೈರಿ ಟ್ಯಾಂಕಿಗೆ ಹೇಗೋ ನಡೆದೀತು, ಲ್ಯಾಬ್ ಮಾಲಿಗೆ ನಡೆಯದು. ಎಸ್‌ಎಸ್‌ಗೆ ಬೇರೆ ಜಾಗ, ಬೇರೆ ವೀಲ್, ಬೇರೆ ಬ್ರಷ್ ಇಡಿ.

ಒತ್ತಡ ತಡೆಯುವ ಪಾತ್ರೆ, ಪೈಪಿಂಗ್ ಆದರೆ ವೆಲ್ಡರ್‌ನ ಅರ್ಹತಾ ಪರೀಕ್ಷೆಯ ದಾಖಲೆ, ವೆಲ್ಡಿಂಗ್ ವಿಧಾನದ ದಾಖಲೆ, ಬೆಸುಗೆಯ ಬಿರುಕು ಪತ್ತೆಮಾಡುವ ಡೈ ಪೆನಿಟ್ರೆಂಟ್ ಅಥವಾ ರೇಡಿಯೋಗ್ರಫಿ ವರದಿ ಕೇಳುತ್ತಾರೆ. ನಿರ್ವಾತದ ಕೆಲಸಕ್ಕೆ ಹೀಲಿಯಂ ಲೀಕ್ ಟೆಸ್ಟ್. ನಿಮ್ಮ ವರ್ನಿಯರ್, ಮೈಕ್ರೋಮೀಟರ್‌ಗೆ ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿನ ಕ್ಯಾಲಿಬ್ರೇಷನ್ ಇರಲಿ, ದಿನಾಂಕ ಮುಗಿದಿರಬಾರದು.

ಅವರೇ ಕಚ್ಚಾ ಮಾಲು ಕೊಡ್ತಾರಂತೆ, ಹೌದಾ?

ಅಣುಶಕ್ತಿ ಇಲಾಖೆಯ ಕೆಲಸಗಳಲ್ಲಿ ಕೆಲವೊಮ್ಮೆ ಹೌದು. ವಿಶೇಷ ಲೋಹವಾದರೆ ಅವರೇ ಕೊಟ್ಟು ಕೆಲಸ ಮಾತ್ರ ನಿಮ್ಮ ಕೈಲಿ ಮಾಡಿಸುತ್ತಾರೆ. ಆದರೆ ಆ ಮಾಲಿನ ಬೆಲೆಗೆ ಬ್ಯಾಂಕ್ ಗ್ಯಾರಂಟಿ, ವಿಮೆ ಕೇಳುತ್ತಾರೆ. ಉಳಿದ ಚೂರು, ತುರಿ ಎಲ್ಲಕ್ಕೂ ಲೆಕ್ಕ ಕೊಡಬೇಕು. ಗುಜರಿಗೆ ಹಾಕುವ ಹಾಗಿಲ್ಲ.

ರೇಟ್ ಹೇಗೆ ಹಾಕೋದು?

ಮಾಲು, ಕೂಲಿ ಎಲ್ಲರಿಗೂ ಗೊತ್ತು. ಮರೆಯುವುದು ಉಳಿದವು: ಟೆಸ್ಟಿಂಗ್ ಖರ್ಚು, ಮೂರನೇ ಸಂಸ್ಥೆಯ ಇನ್‌ಸ್ಪೆಕ್ಷನ್ ಫೀಸು, ಮರದ ಪೆಟ್ಟಿಗೆ, ಲಾರಿ, ವಿಮೆ, ಎಫ್‌ಡಿಯಲ್ಲಿ ಸಿಕ್ಕಿಕೊಂಡ ದುಡ್ಡು. ತಡವಾದರೆ ದಂಡವೂ ಇದೆ, ಸಾಮಾನ್ಯವಾಗಿ ವಾರಕ್ಕೆ ಅರ್ಧ ಪರ್ಸೆಂಟ್.

ಜಿಎಸ್‌ಟಿ ಬಗ್ಗೆ ಹಳಬರೊಬ್ಬರ ಮಾತು ಕೇಳಿ ಏಮಾರಬೇಡಿ. ಸಂಶೋಧನಾ ಸಂಸ್ಥೆಗೆ ಮಾರಿದರೆ 5% ಅನ್ನುವುದು ಮೊದಲು ನಿಜ ಇತ್ತು. 2022ರ ಜುಲೈ 18ರಿಂದ ಆ ರಿಯಾಯಿತಿ ಇಲ್ಲ. ಈಗ ಆ ವಸ್ತುವಿಗೆ ಇರುವ ಮಾಮೂಲಿ ದರವೇ. ಇನ್ನು 2.5 ಲಕ್ಷ ಮೀರಿದ ಕಾಂಟ್ರ್ಯಾಕ್ಟ್‌ನಲ್ಲಿ ಬಿಲ್‌ನಿಂದ 2% ಜಿಎಸ್‌ಟಿ ಟಿಡಿಎಸ್ ಹಿಡಿಯುತ್ತಾರೆ. ಅದು ಎಲ್ಲೂ ಹೋಗುವುದಿಲ್ಲ, ನಿಮ್ಮ ಕ್ಯಾಶ್ ಲೆಡ್ಜರ್‌ಗೇ ಬರುತ್ತದೆ. ಪೋರ್ಟಲ್‌ನಲ್ಲಿ ಒಪ್ಪಿಕೊಳ್ಳಿ ಅಂತ ನಿಮ್ಮ ಅಕೌಂಟೆಂಟ್‌ಗೆ ನೆನಪಿಸಿ.

ಜೆಮ್‌ನಲ್ಲಿ ರಿವರ್ಸ್ ಆಕ್ಷನ್ (ರೇಟು ಇಳಿಸುತ್ತಾ ಹೋಗುವ ಹರಾಜು) ಇದ್ದರೆ, ಕೂರುವ ಮೊದಲೇ ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಒಂದು ಅಂಕಿ ಚೀಟಿಯಲ್ಲಿ ಬರೆದು ಪಕ್ಕದಲ್ಲಿಡಿ. ಹಟಕ್ಕೆ ಬಿದ್ದು ಇಳಿಸಿದವರು ಆಮೇಲೆ ಮಾಲಿನಲ್ಲಿ ಕೈ ಇಡಲು ನೋಡುತ್ತಾರೆ, ಇನ್‌ಸ್ಪೆಕ್ಷನ್‌ನಲ್ಲಿ ಸಿಕ್ಕಿಬೀಳುತ್ತಾರೆ.

ದುಡ್ಡು ಯಾವಾಗ ಬರುತ್ತೆ?

ಕಾನೂನು ನಿಮ್ಮ ಕಡೆ ಇದೆ. 2006ರ ಎಮ್‌ಎಸ್‌ಎಂಇ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಮಾಲು ಒಪ್ಪಿಕೊಂಡ ಮೇಲೆ ಬರಹದಲ್ಲಿ ಎಷ್ಟೇ ದಿನ ಅಂತ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ದೂರನ್ನು ಎಮ್‌ಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಕೊಡಬಹುದು, ವಿಚಾರಣೆ ಮಾರಾಟಗಾರ ಇರುವ ಕಡೆಯ ಕೌನ್ಸಿಲ್‌ನಲ್ಲಿ. ಅಂದರೆ ಮುಂಬೈ ಲ್ಯಾಬ್ ಮೇಲೆ ದೂರಲು ನೀವು ಮುಂಬೈಗೆ ಅಲೆಯಬೇಕಾಗಿಲ್ಲ. ಆರ್ಡರ್ ತೆಗೆದುಕೊಳ್ಳುವ ಮುಂಚೆಯೇ ಉದ್ಯಮ್ ಆಗಿರಲಿ, ಆಮೇಲೆ ವಾದ ಬೇಡ.

ಆದರೆ ದೂರಿಗೆ ಹೋಗುವ ಮೊದಲು ನಿಮ್ಮ ಬಿಲ್ ನೋಡಿಕೊಳ್ಳಿ. ತಡವಾಗುವುದು ಬಹಳ ಸಲ ಚಲನ್‌ನಲ್ಲಿ ಆರ್ಡರ್ ನಂಬರ್ ತಪ್ಪಾಗಿರುವುದು, ಟೆಸ್ಟ್ ವರದಿ ಜೊತೆಗಿಲ್ಲದಿರುವುದು, ಗ್ಯಾರಂಟಿ ಪತ್ರ ಮರೆತಿರುವುದು ಇಂಥವಕ್ಕೆ.

ಒಳಗೆ ಪರಿಚಯದವರು ಇಲ್ದೆ ಆಗುತ್ತಾ?

ಆಗುತ್ತದೆ. "ನಾನು ಮಾಡಿಸಿಕೊಡ್ತೀನಿ, ಎರಡು ಪರ್ಸೆಂಟ್ ಕೊಡಿ" ಅನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಸಿಕ್ಕಿಬಿದ್ದರೆ ಕಪ್ಪುಪಟ್ಟಿಗೆ ಹೋಗುವುದು ನಿಮ್ಮ ಫರ್ಮ್, ಅವರ ಹೆಸರಲ್ಲ.

ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ಇದೆಯಲ್ಲ, ಅಲ್ಲಿ ನಮಗೆ ಕೆಲಸ ಇರುತ್ತಾ?

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಪತ್ತೆ ಮಾಡಿದ್ದು ಹೈದರಾಬಾದ್ ಕೇಂದ್ರ ಕಚೇರಿಯ ಎಎಮ್‌ಡಿ. ಅದರ ಖರೀದಿ ಬೇರೆ ಥರ. ಬೋರ್ ಕೊರೆಯುವ ಕೆಲಸ, ವಾಹನ ಬಾಡಿಗೆ, ಕ್ಯಾಂಪ್‌ಗೆ ಬೇಕಾದ ವ್ಯವಸ್ಥೆ ಇಂಥವು. ಡ್ರಿಲ್ಲಿಂಗ್ ರಿಗ್ ಇರುವವರು ಅದರ ಟೆಂಡರ್ ಮೇಲೆ ಕಣ್ಣಿಡಿ. ಗೋಗಿಯ ಗಣಿಗಾರಿಕೆಗೆ ಊರಿನವರ ವಿರೋಧ ಇದೆ, ಆ ವಿಷಯ ಬೇರೆಯೇ. ಅದನ್ನು ನಂಬಿಕೊಂಡು ಮಷಿನ್ ಕೊಳ್ಳಲು ಮಾತ್ರ ಹೋಗಬೇಡಿ.

ನಮಗೆ ಮಾರೋದಲ್ಲ, ಅವರ ತಂತ್ರಜ್ಞಾನ ಬೇಕು. ಸಿಗುತ್ತಾ?

ಸಿಗುತ್ತದೆ. ಬಾರ್ಕ್, ಎಆರ್‌ಸಿಐ, ಸಿಎಸ್‌ಐಆರ್ ಲ್ಯಾಬ್‌ಗಳು ಫೀಸು ತೆಗೆದುಕೊಂಡು ತಂತ್ರಜ್ಞಾನದ ಲೈಸೆನ್ಸ್ ಕೊಡುತ್ತವೆ. ಅಡುಗೆಮನೆ ಕಸದಿಂದ ಗ್ಯಾಸ್ ಮಾಡುವ ಬಾರ್ಕ್‌ನ ನಿಸರ್ಗಋಣ ಸ್ಥಾವರ ಇದಕ್ಕೆ ಒಳ್ಳೆಯ ಉದಾಹರಣೆ. ಹಾಸ್ಟೆಲ್, ಕಲ್ಯಾಣ ಮಂಟಪ, ಮಠದ ದಾಸೋಹ ಇಷ್ಟಿರುವ ನಮ್ಮ ಊರುಗಳಲ್ಲಿ ಇದನ್ನು ಕಟ್ಟಿಕೊಡುವ ಫ್ಯಾಬ್ರಿಕೇಟರ್‌ಗೆ ಕೆಲಸ ಕಡಿಮೆ ಇರಲಾರದು.

ಸೋತರೆ ಯಾಕೆ ಸೋತೆವು ಅಂತ ಕೇಳಬಹುದಾ?

ಕೇಳಬಹುದು, ಕೇಳಲೇಬೇಕು. ತಾಂತ್ರಿಕ ಬಿಡ್ ತಿರಸ್ಕಾರವಾದರೆ ಜೆಮ್‌ನಲ್ಲಿ ಕಾರಣ ಕಾಣುತ್ತದೆ. ಒಪ್ಪಿಗೆ ಇಲ್ಲದಿದ್ದರೆ ಕೊಟ್ಟಿರುವ ಗಡುವಿನೊಳಗೆ ಆಕ್ಷೇಪಣೆ ಹಾಕಬಹುದು. ಜಗಳದ ಭಾಷೆ ಬೇಡ: ಯಾವ ಅಂಶ, ನಿಮ್ಮ ದಾಖಲೆ ಯಾವ ಪುಟದಲ್ಲಿತ್ತು, ಇಷ್ಟೇ ಬರೆಯಿರಿ. ಬೆಲೆಯಲ್ಲಿ ಸೋತಿದ್ದರೆ ಗೆದ್ದವರ ಅಂಕಿ ಬರೆದಿಟ್ಟುಕೊಳ್ಳಿ. ಅದೇ ಲ್ಯಾಬ್ ಅದೇ ವಸ್ತುವನ್ನು ಮತ್ತೆ ಕೊಳ್ಳುತ್ತದೆ, ಆಗ ಅದು ಬೇಕಾಗುತ್ತದೆ.